ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲಾಗುತ್ತವೆಯೇ? ಗಂಗಾವತಿಯ ಓದುಗರೊಬ್ಬರಿಗೆ ದಂತವೈದ್ಯರ ಉತ್ತರ

ಪ್ರಶ್ನೆ: ನನಗೆ 46 ವರ್ಷ. ಗಂಗಾವತಿಯಲ್ಲಿ ಸಣ್ಣ ಖಾನಾವಳಿ ನಡೆಸುತ್ತೇನೆ. ಐದು ವರ್ಷದಿಂದ ಶುಗರ್, ಎರಡು ವರ್ಷದಿಂದ ಬಿಪಿ ಇದೆ. ಮೆಟ್‌ಫಾರ್ಮಿನ್ ಮತ್ತು ಅಮ್ಲೋಡಿಪಿನ್ ಗುಳಿಗೆ ತಗೋತೀನಿ. ಹೋದ ತಿಂಗಳು, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ 9.2 ಬಂತು. ಒಂದು ವರ್ಷದಿಂದ ಹಲ್ಲುಜ್ಜಿದಾಗ ರಕ್ತ ಬರುತ್ತದೆ, ಬಾಯಿ ವಾಸನೆ ಬರುತ್ತದೆ, ಗಿರಾಕಿಗಳ ಎದುರು ಮಾತಾಡಲು ಮುಜುಗರ. ಕೆಳಗಿನ ಮುಂದಿನ ಎರಡು ಹಲ್ಲು ನಾಲಿಗೆಯಿಂದ ದೂಡಿದರೆ ಅಲುಗುತ್ತವೆ. ಮೇಲಿನ ಮುಂದಿನ ಹಲ್ಲುಗಳ ನಡುವೆ ಮೊದಲು ಇಲ್ಲದ ಸಂದು ಬಿದ್ದಿದೆ. ಚಿಕ್ಕಂದಿನಿಂದ ಬೆಳಿಗ್ಗೆ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವ ರೂಢಿ. ಇಲ್ಲಿಯ ಡಾಕ್ಟರು ನಾಲ್ಕು ಸಲ ಬಂದು ಡೀಪ್ ಕ್ಲೀನಿಂಗ್ ಮಾಡಿಸಬೇಕು ಎಂದರು. ನಮ್ಮ ಅತ್ತೆ ಬೇಡವೇ ಬೇಡ ಅನ್ನುತ್ತಾರೆ, ಸೋದರಮಾವನಿಗೆ ಕ್ಲೀನಿಂಗ್ ಮಾಡಿಸಿದ ವರ್ಷದೊಳಗೆ ನಾಲ್ಕು ಹಲ್ಲು ಬಿದ್ದವು. ಇನ್ನೊಬ್ಬರು ಎಲ್ಲಾ ಕೀಳಿಸಿ ಮೂರು ದಿನದಲ್ಲಿ ಫಿಕ್ಸ್ ಹಲ್ಲು ಹಾಕಿಸಿಕೊಡುತ್ತೇವೆ ಅನ್ನುತ್ತಾರೆ. ಶುಗರ್ ಇದ್ದವರು ಹಲ್ಲು ಕೀಳಿಸಬಾರದು, ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂದಾಗುತ್ತದೆ ಅಂತಲೂ ಹೇಳುತ್ತಾರೆ. ಏನು ಮಾಡಲಿ? ಇನ್ನೊಂದು ಮಾತು, ಐದು ವರ್ಷದ ಮಗಳ ಹಾಲುಹಲ್ಲು ಚೆನ್ನಾಗಿವೆ, ಆದರೆ ಹತ್ತು ವರ್ಷದ ಮಗನಿಗೆ ಬಂದ ಹೊಸ ಹಲ್ಲುಗಳ ಮೇಲೆ ಕಂದು ಪಟ್ಟಿ ಇವೆ. ಅವನಿಗೂ ಇದೇ ರೋಗವೇ?

ಉತ್ತರ: ಪ್ರಶ್ನೆಗಳು ಹಲವು, ಅಂಜಿಕೆ ಒಂದೇ: ಕ್ಲೀನಿಂಗ್ ಹೆಸರಿನಲ್ಲಿ ಇರುವ ಹಲ್ಲನ್ನೂ ಕಳೆದುಕೊಂಡರೆ? ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದದ್ದನ್ನು ನೋಡಿದರೆ ಇದು ಒಸಡಿನಿಂದ ಶುರುವಾಗಿ ಹಲ್ಲು ಹಿಡಿದಿರುವ ಎಲುಬಿಗೆ ಇಳಿದ ರೋಗ, ಪೆರಿಯೊಡಾಂಟೈಟಿಸ್. ಡೀಪ್ ಕ್ಲೀನಿಂಗ್ (ಒಸಡಿನ ಒಳಗಿನವರೆಗೂ ಕೊಳೆ ತೆಗೆಯುವುದು) ಮಾಡಿಸಿ. ಎಲ್ಲಾ ಹಲ್ಲು ಕೀಳಿಸುವ ಮಾತನ್ನು ಕನಿಷ್ಠ ಮೂರು ತಿಂಗಳು ಪಕ್ಕಕ್ಕಿಡಿ. ಯಾವ ಹಲ್ಲು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂದು ಈಗ ಉಬ್ಬಿ ರಕ್ತ ಸೋರುತ್ತಿರುವ ಬಾಯಿ ನೋಡಿ ಯಾರೂ ಸರಿಯಾಗಿ ಹೇಳಲಾರರು.

ಈಗ ನಿಮ್ಮ ಸೋದರಮಾವನ ವಿಷಯ. ಕ್ಲೀನಿಂಗ್ ಆದಮೇಲೆ ಹಲ್ಲು ಅಲುಗಿದವು ಅನ್ನುವುದು ಸುಳ್ಳಲ್ಲ, ಅವರ ಅನುಭವ ನಿಜವೇ. ಆದರೆ ಕಾರಣ ಬೇರೆ. ಹಲ್ಲನ್ನು ಹಿಡಿದಿಡುವುದು ಅದರ ಬೇರಿನ ಸುತ್ತಲಿನ ದವಡೆಯ ಎಲುಬು ಮತ್ತು ಆ ಎಲುಬಿಗೂ ಬೇರಿಗೂ ನಡುವೆ ಇರುವ ತೆಳು ನಾರುಗಳು. ವರ್ಷಗಟ್ಟಲೆ ಗಾರೆ (ಹಲ್ಲಿನ ಮೇಲೆ ಕಲ್ಲಿನಂತೆ ಗಟ್ಟಿಯಾದ ಕೊಳೆ) ಕಟ್ಟಿದ ಬಾಯಿಯಲ್ಲಿ ಈ ಎಲುಬು ಆಗಲೇ ಅರ್ಧ ಕರಗಿರುತ್ತದೆ. ಅದರ ಮೇಲೆ ಗಾರೆ ನಾಲ್ಕಾರು ಹಲ್ಲುಗಳನ್ನು ಸೇರಿಸಿ ಗಟ್ಟಿಯಾಗಿ ಅಂಟಿ ಕುಳಿತಿರುತ್ತದೆ. ಗೆದ್ದಲು ತಿಂದ ಬಾಗಿಲ ಚೌಕಟ್ಟಿಗೆ ಮೇಲೆ ದಪ್ಪ ಬಣ್ಣ ಬಳಿದ ಹಾಗೆ ಇದು. ಬಣ್ಣ ಕೆರೆದರೆ ಟೊಳ್ಳು ಕಾಣುತ್ತದೆ, ಟೊಳ್ಳು ಮಾಡಿದ್ದು ಕೆರೆದವನಲ್ಲ. ಗಾರೆ ತೆಗೆದ ದಿನವೇ ಆ ಹಲ್ಲುಗಳು ತಮ್ಮ ನಿಜವಾದ ಸಡಿಲವನ್ನು ತೋರಿಸುತ್ತವೆ. ಜೊತೆಗೆ ಊದಿದ ಒಸಡು ಎರಡು ಮೂರು ವಾರದಲ್ಲಿ ಇಳಿದು, ಹಲ್ಲುಗಳ ಬುಡ ಬಯಲಾಗಿ ಸಂದು ಕಾಣುತ್ತದೆ. ತಣ್ಣೀರು ಕುಡಿದರೆ ಜುಂ ಎನ್ನುತ್ತದೆ. ಇಷ್ಟೂ ಸೇರಿ ಹಲ್ಲು ಹಾಳು ಮಾಡಿದರು ಎಂಬ ಭಾವನೆ ಬರುತ್ತದೆ. ಅವರು ಒಂದೇ ಸಲ ಮೇಲುಮೇಲೆ ಕ್ಲೀನಿಂಗ್ ಮಾಡಿಸಿ, ಒಸಡಿನ ಒಳಗಿನದನ್ನು ಹಾಗೇ ಬಿಟ್ಟು, ಮತ್ತೆ ಆ ಕಡೆ ಹಾಯದೇ ಇದ್ದಿದ್ದರೆ ವರ್ಷದಲ್ಲಿ ನಾಲ್ಕು ಹಲ್ಲು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ರೋಗ ಒಳಗೆ ನಡೆದೇ ಇತ್ತು.

ಕ್ಲೀನಿಂಗ್ ಮಾಡುವ ಸ್ಕೇಲರ್ ಯಂತ್ರದ ತುದಿ ಹಲ್ಲನ್ನು ಕೊರೆಯುವ ಸಾಮಾನಲ್ಲ. ಅದು ಸೆಕೆಂಡಿಗೆ 25,000ಕ್ಕೂ ಹೆಚ್ಚು ಸಲ ಕಂಪಿಸಿ ಗಾರೆಯನ್ನು ಒಡೆದು ಉದುರಿಸುತ್ತದೆ, ಬರುವ ನೀರು ಅದನ್ನು ತಂಪಾಗಿಟ್ಟು ಕಸ ತೊಳೆಯುತ್ತದೆ. ಎನಾಮಲ್ ಎಂಬ ಹಲ್ಲಿನ ಹೊರಪದರ ದೇಹದಲ್ಲೇ ಅತಿ ಗಟ್ಟಿ ವಸ್ತು. ತುದಿಯನ್ನು ಹಲ್ಲಿಗೆ ಒರಗಿಸಿ ನಡೆಸುವ ಬದಲು ಚುಚ್ಚಿ ಹಿಡಿದರೆ ಬೇರಿನ ಮೇಲೆ ಗೀರು ಬೀಳಬಹುದು. ಅದು ಕೈಯ ತಪ್ಪು.

ಇಷ್ಟಕ್ಕೂ ಗಾರೆ ಎಲ್ಲಿಂದ ಬರುತ್ತದೆ? ಹಲ್ಲು ಉಜ್ಜಿದ ಕೆಲವೇ ಗಂಟೆಯಲ್ಲಿ ಹಲ್ಲಿನ ಮೇಲೆ ಸೂಕ್ಷ್ಮಜೀವಿಗಳ ಲೋಳೆ ಕೂರುತ್ತದೆ. ಇದು ಪಾಚಿ. ಉಗುರಿನಿಂದ ಕೆರೆದರೆ ಬಿಳಿಯಾಗಿ ಬರುವುದು ಇದೇ. ಇದನ್ನು ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಎರಡು ವಾರದೊಳಗೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಬ್ರಷ್‌ಗೆ, ಬೇವಿನ ಕಡ್ಡಿಗೆ, ಉಪ್ಪಿಗೆ ಯಾವುದಕ್ಕೂ ಅದು ಜಗ್ಗುವುದಿಲ್ಲ. ಕನ್ನಡಿ ಹಿಡಿದು ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿ, ನಾಲಿಗೆ ಕಡೆ ನೋಡಿಕೊಳ್ಳಿ. ಜೊಲ್ಲಿನ ಗ್ರಂಥಿಗಳ ಬಾಯಿ ನಾಲಿಗೆ ಕೆಳಗೆ ತೆರೆಯುವುದರಿಂದ ಅತಿ ಹೆಚ್ಚು ಗಾರೆ ಅಲ್ಲೇ ಕೂರುತ್ತದೆ. ಇನ್ನೊಂದು ಜಾಗ ಮೇಲಿನ ದವಡೆ ಹಲ್ಲುಗಳ ಕೆನ್ನೆ ಕಡೆ. ನಿಮ್ಮ ಅಲುಗುವ ಎರಡು ಹಲ್ಲು ಕೆಳಗೆ ಮುಂದೆಯೇ ಇರುವುದು ಆಕಸ್ಮಿಕವಲ್ಲ. ಅಲ್ಲಿ ಬೇರು ಸಣ್ಣ, ಒಂಟಿ, ಸುತ್ತಲಿನ ಎಲುಬು ತೆಳು.

ಒಸಡಿಗೂ ಹಲ್ಲಿಗೂ ನಡುವೆ ಎಲ್ಲರಿಗೂ ಸಣ್ಣ ಸಂದು ಇರುತ್ತದೆ, 1ರಿಂದ 3 ಮಿಲಿಮೀಟರ್ ಆಳ. ಗಾರೆ ಮತ್ತು ಪಾಚಿ ಆ ಸಂದಿಗೆ ಇಳಿದಾಗ ದೇಹ ಅವನ್ನು ಓಡಿಸಲು ಹೋರಾಡುತ್ತದೆ. ಆ ಹೋರಾಟದಲ್ಲೇ ನಾರು ಕಡಿದು, ಎಲುಬು ಕರಗಿ, ಸಂದು ಆಳವಾಗಿ ಜೇಬಿನಂತಾಗುತ್ತದೆ. ಡಾಕ್ಟರು ‘ಪಾಕೆಟ್’ ಅನ್ನುವುದು ಇದಕ್ಕೇ. ಬ್ರಷ್‌ನ ಎಳೆ ಒಸಡಿನ ಒಳಗೆ ಒಂದೆರಡು ಮಿಲಿಮೀಟರ್‌ಗಿಂತ ಕೆಳಗೆ ಇಳಿಯದು. ಹಾಗಾಗಿ 6 ಮಿಲಿಮೀಟರ್ ಪಾಕೆಟ್ ಇರುವವರು ದಿನಕ್ಕೆ ನಾಲ್ಕು ಸಲ ಉಜ್ಜಿದರೂ ತಳದಲ್ಲಿರುವುದು ಹೋಗುವುದಿಲ್ಲ. ಇಷ್ಟೆಲ್ಲ ಆಗುವಾಗ ನೋವು ಇರದು, ಈ ರೋಗದ ಕೆಟ್ಟ ಗುಣ ಅದು. ಹುಳುಕು ಹಲ್ಲು ರಾತ್ರಿ ನಿದ್ದೆಗೆಡಿಸಿ ಡಾಕ್ಟರ ಹತ್ತಿರ ಕಳಿಸುತ್ತದೆ. ಒಸಡಿನ ರೋಗ ರಕ್ತ, ವಾಸನೆ, ಹಲ್ಲಿನ ನಡುವೆ ಹೊಸ ಸಂದು, ಇಷ್ಟರಲ್ಲೇ ಮುಗಿಸಿ ಕೊನೆಗೆ ಹಲ್ಲನ್ನು ಅಲುಗಿಸುತ್ತದೆ. ಮೇಲೆ ಹೊಸ ಸಂದು ಬಿದ್ದಿದೆ ಎಂದು ಬರೆದಿದ್ದೀರಲ್ಲ, ಆಧಾರ ಕಡಿಮೆಯಾದ ಹಲ್ಲು ಮುಂದಕ್ಕೆ ಸರಿದ ಗುರುತು ಅದು.

ನಿಮ್ಮ ಬಾಯಿಯಲ್ಲಿ ಇದನ್ನು ಬೆಳೆಸುತ್ತಿರುವ ಸಂಗತಿ ಮೂರು, ಅವುಗಳಲ್ಲಿ ದೊಡ್ಡದು ಶುಗರ್. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ಸಣ್ಣ ರಕ್ತನಾಳಗಳು ಕೆಡುತ್ತವೆ, ಬಿಳಿ ರಕ್ತಕಣಗಳು ಮಂದವಾಗುತ್ತವೆ, ಊತ ಶುರುವಾದರೆ ಬೇಗ ಇಳಿಯುವುದಿಲ್ಲ. ಶುಗರ್ ಹತೋಟಿಯಲ್ಲಿಲ್ಲದವರಿಗೆ ಒಸಡಿನ ರೋಗದ ಅಪಾಯ ಇತರರಿಗಿಂತ ಎರಡು ಮೂರು ಪಟ್ಟು. ಇದರ ಉಲ್ಟಾ ದಿಕ್ಕೂ ನಿಜ ಎಂಬುದನ್ನು ಬಹಳ ಜನ ಕೇಳಿರುವುದಿಲ್ಲ: ಬಾಯಿಯ ಈ ನಿತ್ಯದ ಸೋಂಕು ಇನ್ಸುಲಿನ್ ಕೆಲಸಕ್ಕೆ ಅಡ್ಡಬಂದು ಶುಗರನ್ನು ಏರಿಸುತ್ತದೆ. ಒಸಡಿಗೆ ಸರಿಯಾದ ಚಿಕಿತ್ಸೆ ಕೊಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.3ರಿಂದ 0.4ರಷ್ಟು ಇಳಿಯುತ್ತದೆ. 9.2 ಇದ್ದದ್ದು ಅದೊಂದರಿಂದ 7 ಆಗದು, ಗುಳಿಗೆ, ಊಟ, ನಡಿಗೆ ಬಿಡುವ ಹಾಗಿಲ್ಲ. ಆದರೂ ಇನ್ನೊಂದು ಗುಳಿಗೆ ಸೇರಿಸುವ ಮುಂಚೆ ಸಿಗುವ ಲಾಭ ಎಂದು ನೋಡಿದರೆ ಚಿಕ್ಕದಲ್ಲ. ನಿಮ್ಮ ಶುಗರ್ ಡಾಕ್ಟರಿಗೂ ಒಸಡಿನ ವಿಷಯ ಹೇಳಿ.

ಎರಡನೆಯದು ಅಮ್ಲೋಡಿಪಿನ್. ಈ ಬಿಪಿ ಗುಳಿಗೆ ಕೆಲವರಲ್ಲಿ ಒಸಡನ್ನು ಉಬ್ಬಿಸುತ್ತದೆ, ಹಲ್ಲುಗಳ ನಡುವೆ ಒಸಡು ಗುಂಡಗೆ ದಪ್ಪವಾಗಿ ಹಲ್ಲಿನ ಮೇಲೆ ಏರಿ ಬರುತ್ತದೆ. ಬಾಯಿ ಶುಚಿ ಇದ್ದವರಲ್ಲಿ ಇದು ಕಡಿಮೆ, ಗಾರೆ ಇದ್ದವರಲ್ಲಿ ಹೆಚ್ಚು. ನಿಮಗೆ ಹಾಗಾಗಿದೆಯೋ ಇಲ್ಲವೋ ಕಣ್ಣಲ್ಲಿ ನೋಡದೆ ಹೇಳಲಾರೆ. ದಂತವೈದ್ಯರಿಗೆ ಗುಳಿಗೆಯ ಹೆಸರು ಹೇಳಿ. ಬದಲಿ ಗುಳಿಗೆಗಳಿವೆ, ಆದರೆ ಬಿಪಿ ಗುಳಿಗೆಯನ್ನು ನೀವಾಗಿಯೇ ಒಂದು ದಿನವೂ ಬಿಡಬೇಡಿ.

ಮೂರನೆಯದು ತಂಬಾಕಿನ ಪುಡಿ. ನಮ್ಮ ಕಡೆ ಹೆಂಗಸರಲ್ಲಿ ಇದು ಇಷ್ಟು ರೂಢಿ ಎಂದರೆ, ತಂಬಾಕು ಹಾಕುತ್ತೀರಾ ಎಂದು ಕೇಳಿದರೆ ಇಲ್ಲ ಅನ್ನುತ್ತಾರೆ. ಯಾವುದರಿಂದ ಹಲ್ಲು ತಿಕ್ಕುತ್ತೀರಿ ಎಂದು ಕೇಳಿದರೆ ಮಾತ್ರ ಪುಡಿ ಹೊರಬರುತ್ತದೆ. ಒಸಡಿನಿಂದಲೇ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ತಿಕ್ಕದಿದ್ದರೆ ಸಂಡಾಸ ಆಗುವುದಿಲ್ಲ, ತಲೆ ಹಿಡಿಯುತ್ತದೆ ಎಂಬುದೆಲ್ಲ ಅದರ ಚಟವೇ. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಗಾಯ ಮಾಯುವುದನ್ನು ತಡ ಮಾಡುತ್ತದೆ. ಪುಡಿ ಒತ್ತಿ ತಿಕ್ಕುವ ಜಾಗದಲ್ಲಿ ಒಸಡು ಇಳಿದು ಬೇರು ಬಯಲಾಗುತ್ತದೆ, ವರ್ಷಗಟ್ಟಲೆ ಅದೇ ಜಾಗದಲ್ಲಿ ಬಿಳಿ ಮಚ್ಚೆ ಮೂಡಿ ಕ್ಯಾನ್ಸರ್‌ಗೂ ದಾರಿಯಾಗಬಹುದು. ತಂಬಾಕು ನಡೆಯುತ್ತಿರುವವರೆಗೆ ಡೀಪ್ ಕ್ಲೀನಿಂಗ್‌ನ ಫಲ ಅರ್ಧಂಬರ್ಧವೇ. ಒಂದೇ ಏಟಿಗೆ ಬಿಡಲಾಗದಿದ್ದರೆ ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ. ಮೊದಲ ಒಂದೆರಡು ವಾರ ಸಿಡುಕು, ಮಲಬದ್ಧತೆ ಇರುತ್ತದೆ. ಬೆಳಿಗ್ಗೆ ಎರಡು ಲೋಟ ಬಿಸಿನೀರು, ಊಟದಲ್ಲಿ ಸೊಪ್ಪು, ಕಾಳು ಹೆಚ್ಚಿಸಿದರೆ ಕಳೆಯುತ್ತದೆ.

ಡೀಪ್ ಕ್ಲೀನಿಂಗ್‌ನಲ್ಲಿ ಏನು ಮಾಡುತ್ತಾರೆ ಎಂದು ಗೊತ್ತಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ. ಶುರು ಮಾಡುವ ಮೊದಲು ಎರಡು ಕೆಲಸ ಆಗಬೇಕು: ಎಕ್ಸ್‌ರೇ (ಪೂರ್ತಿ ದವಡೆಯ ಓಪಿಜಿ ಅಥವಾ ಬೇಕಾದ ಹಲ್ಲುಗಳ ಸಣ್ಣ ಎಕ್ಸ್‌ರೇ) ಮತ್ತು ಪಾಕೆಟ್ ಅಳತೆ. ಮಿಲಿಮೀಟರ್ ಗುರುತಿರುವ ತೆಳು ಕಡ್ಡಿಯನ್ನು ಪ್ರತಿ ಹಲ್ಲಿನ ಸುತ್ತ ಆರು ಕಡೆ ಇಳಿಸಿ ಬರೆದುಕೊಳ್ಳುತ್ತಾರೆ. ಆ ಪಟ್ಟಿಯ ಒಂದು ಫೋಟೊ ನಿಮ್ಮ ಮೊಬೈಲ್‌ನಲ್ಲಿರಲಿ. ಮೂರು ತಿಂಗಳ ಬಳಿಕ ಸುಧಾರಿಸಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಅದರ ಮೇಲೇ. ಅಳತೆ ಮಾಡದೆ ಡೀಪ್ ಕ್ಲೀನಿಂಗ್ ಎಂದು ದುಡ್ಡು ಕೇಳಿದರೆ ಏಕೆ ಎಂದು ಕೇಳುವ ಹಕ್ಕು ನಿಮಗಿದೆ.

ಬಾಯಿಯನ್ನು ನಾಲ್ಕು ಭಾಗ ಮಾಡಿ ಒಂದೊಂದು ಸಲ ಒಂದು ಭಾಗ ಮಾಡುವುದು ಸಾಮಾನ್ಯ ಪದ್ಧತಿ, ಅದಕ್ಕೇ ನಾಲ್ಕು ಸಲ ಬರಹೇಳಿದ್ದು. ಮರಗಟ್ಟುವ ಸೂಜಿ ಕೊಟ್ಟು, ಒಸಡಿನ ಒಳಗಿನ ಗಾರೆಯನ್ನು ಯಂತ್ರದಿಂದಲೂ, ಕ್ಯೂರೆಟ್ ಎಂಬ ಸಣ್ಣ ಕೈ ಉಪಕರಣದಿಂದಲೂ ತೆಗೆದು ಬೇರಿನ ಮೇಲ್ಮೈಯನ್ನು ಚೊಕ್ಕ ಮಾಡುತ್ತಾರೆ. ಸೂಜಿಯ ಚುಚ್ಚು ಬಿಟ್ಟರೆ ನೋವಾಗಬಾರದು. ನೋವಾದರೆ ಕೈ ಎತ್ತಿ, ಇನ್ನಷ್ಟು ಮದ್ದು ಹಾಕುತ್ತಾರೆ. ಅಂದು ಬೆಳಿಗ್ಗೆ ಶುಗರ್ ಗುಳಿಗೆಯನ್ನೂ, ನಾಷ್ಟಾವನ್ನೂ ಎಂದಿನಂತೆ ಮುಗಿಸಿ ಹೋಗಿ. ಹಸಿದ ಹೊಟ್ಟೆಯಲ್ಲಿ ಗುಳಿಗೆ ಮಾತ್ರ ನುಂಗಿ ಹೋಗಬಾರದು, ಅಪರೂಪಕ್ಕಾದರೂ ಕುರ್ಚಿಯ ಮೇಲೆಯೇ ಶುಗರ್ ಇಳಿದು ಬೆವರು, ನಡುಕ, ಕಣ್ಣುಕತ್ತಲೆ ಬರಬಹುದು. ಹಾಗೆ ಅನ್ನಿಸಿದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಬೇಕು. ಬೆಳಗಿನ ಹೊತ್ತಿನ ಅಪಾಯಿಂಟ್‌ಮೆಂಟ್ ಕೇಳಿ. ಮಧ್ಯಾಹ್ನ ಖಾನಾವಳಿಯ ಗದ್ದಲ ಮುಗಿಸಿ ಊಟ ಬಿಟ್ಟು ಓಡುವುದು ಬೇಡ. ಮರಗಟ್ಟಿದ್ದು ಎರಡು ಮೂರು ಗಂಟೆ ಇರುತ್ತದೆ, ಅಷ್ಟರೊಳಗೆ ಬಿಸಿ ಚಹಾ ಕುಡಿದರೆ ತುಟಿ ಸುಡುವುದು, ಅಗಿದರೆ ಕೆನ್ನೆ ಕಚ್ಚಿಕೊಳ್ಳುವುದು ಗೊತ್ತೇ ಆಗುವುದಿಲ್ಲ.

ಆದಮೇಲೆ ಒಂದೆರಡು ದಿನ ಒಸಡು ನೋಯುತ್ತದೆ, ಜೊಲ್ಲಿನಲ್ಲಿ ತೆಳು ರಕ್ತ ಬರುತ್ತದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ನಾಲ್ಕು ಸಲ ಮುಕ್ಕಳಿಸಿದರೆ ಹಿತ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದರೆ 0.2 ಶೇಕಡಾದ್ದನ್ನು 10 ಮಿಲಿ, ದಿನಕ್ಕೆರಡು ಸಲ, ಒಂದು ನಿಮಿಷ. ಪೇಸ್ಟ್ ಹಚ್ಚಿ ಉಜ್ಜಿದ ಅರ್ಧ ಗಂಟೆ ಬಳಿಕ ಬಳಸಿ, ಪೇಸ್ಟಿನ ನೊರೆಯ ಅಂಶ ಅದರ ಬಲ ತಗ್ಗಿಸುತ್ತದೆ. ಎರಡು ವಾರಕ್ಕೆ ನಿಲ್ಲಿಸಿ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು, ನಾಲಿಗೆ ಕಂದಾಗುತ್ತವೆ, ರುಚಿ ಕೆಡುತ್ತದೆ, ಖಾನಾವಳಿಯವರಿಗೆ ಸಾರಿನ ಉಪ್ಪು ಗೊತ್ತಾಗದಿದ್ದರೆ ಕಷ್ಟ. ತಣ್ಣನೆಯದಕ್ಕೆ ಜುಂ ಎನ್ನುವುದು ಹೆಚ್ಚಿನವರಿಗೆ ಕೆಲವೇ ವಾರದಲ್ಲಿ ಇಳಿಯುತ್ತದೆ.

ಆರರಿಂದ ಎಂಟು ವಾರದ ಬಳಿಕ, ಹೆಚ್ಚೆಂದರೆ ಮೂರು ತಿಂಗಳಿಗೆ, ಮತ್ತೆ ಅಳೆಯಬೇಕು. ಪಾಕೆಟ್ 4 ಮಿಲಿಮೀಟರ್‌ಗೆ ಇಳಿದು ರಕ್ತ ನಿಂತಿದ್ದರೆ ಗೆದ್ದಂತೆ. 6 ಅಥವಾ ಹೆಚ್ಚು ಉಳಿದ ಜಾಗಗಳಿದ್ದರೆ ಅಲ್ಲಿ ಮಾತ್ರ ಒಸಡನ್ನು ಸ್ವಲ್ಪ ಬಿಡಿಸಿ, ಕಣ್ಣಿಂದ ನೋಡಿ ತೊಳೆದು ಹೊಲಿಯುವ ಫ್ಲಾಪ್ ಸರ್ಜರಿ ಬೇಕಾಗಬಹುದು. ಎಲುಬಿನಲ್ಲಿ ಬಾವಿಯಂತೆ ಕಿರಿದಾದ ಗುಳಿ ಬಿದ್ದಿದ್ದರೆ ಎಲುಬಿನ ಪುಡಿ ತುಂಬಿ ಒಂದಷ್ಟು ಮರಳಿ ಬೆಳೆಸಬಹುದು. ಸುತ್ತಲೂ ಸಮನಾಗಿ ಕುಸಿದ ಎಲುಬು ಯಾವ ಚಿಕಿತ್ಸೆಯಿಂದಲೂ, ಯಾವ ಕ್ಯಾಲ್ಸಿಯಂ ಗುಳಿಗೆಯಿಂದಲೂ ಮೊದಲಿನಂತೆ ಏಳುವುದಿಲ್ಲ. ಇದನ್ನು ಬಿಚ್ಚಿ ಹೇಳುವುದು ಒಳ್ಳೆಯದು, ಏಕೆಂದರೆ ‘ಹಲ್ಲು ಬಿಗಿ ಮಾಡುವ’ ಪುಡಿ, ಎಣ್ಣೆ, ಪೇಸ್ಟಿಗೆ ಜನ ಬಹಳ ದುಡ್ಡು ಸುರಿಯುತ್ತಾರೆ. ಊತ ಇಳಿದಾಗ ಅಲುಗುವುದು ಕಡಿಮೆಯಾಗುವುದು ನಿಜ, ಹೊಸ ಎಲುಬು ಬಂದದ್ದಲ್ಲ.

ನಿಮ್ಮ ಅಲುಗುವ ಎರಡು ಹಲ್ಲಿಗೆ ಬರೋಣ. ಹಲ್ಲು ಹಿಂದೆ ಮುಂದೆ ಒಂದು ಮಿಲಿಮೀಟರ್‌ವರೆಗೆ ಅಲುಗಿದರೆ ಮೊದಲ ಹಂತ, ಅದಕ್ಕೂ ಹೆಚ್ಚಾದರೆ ಎರಡನೇ ಹಂತ. ಬೆರಳಿಂದ ಒತ್ತಿದಾಗ ಕೆಳಕ್ಕೂ ಇಳಿದರೆ ಮೂರನೇ ಹಂತ. ಮೊದಲೆರಡು ಹಂತದಲ್ಲಿರುವ ಹಲ್ಲುಗಳಲ್ಲಿ ಎಷ್ಟೋ ಡೀಪ್ ಕ್ಲೀನಿಂಗ್ ಆದಮೇಲೆ ನಿಲ್ಲುತ್ತವೆ. ಅಗಿಯಲು ತೊಂದರೆ ಇದ್ದರೆ ಪಕ್ಕದ ಗಟ್ಟಿ ಹಲ್ಲುಗಳಿಗೆ ಹಿಂಬದಿಯಿಂದ ತೆಳು ತಂತಿ ಅಥವಾ ಫೈಬರ್ ಪಟ್ಟಿ ಅಂಟಿಸಿ ಸೇರಿಸಬಹುದು, ಸ್ಪ್ಲಿಂಟ್ ಅನ್ನುತ್ತಾರೆ. ಗಾರೆ ತೆಗೆಯದೆ ಸ್ಪ್ಲಿಂಟ್ ಹಾಕಿಸಿದರೆ ಕೊಳೆಯ ಮೇಲೆ ಬೀಗ ಹಾಕಿದಂತಾಯಿತು, ಎಲುಬು ಕರಗುವುದು ನಿಲ್ಲದು. ಹಾಕಿದಮೇಲೂ ತಂತಿಯ ಕೆಳಗೆ ಸಣ್ಣ ಬ್ರಷ್ ದಿನಾ ಆಡಿಸಬೇಕು. ಮೂರನೇ ಹಂತದ ಹಲ್ಲಾಗಿದ್ದರೆ, ಬೇರಿನ ತುದಿಯವರೆಗೂ ಎಲುಬು ಇಲ್ಲದಿದ್ದರೆ, ಪದೇ ಪದೇ ಕೀವು ಕಟ್ಟುತ್ತಿದ್ದರೆ ಕೀಳಿಸುವುದೇ ಸರಿ. ಎರಡು ಹಲ್ಲು ಹೋದರೆ ಪ್ರಪಂಚ ಮುಳುಗದು, ಪಕ್ಕದವು ಉಳಿಯುವುದು ಮುಖ್ಯ.

ಖಾಲಿ ಜಾಗಕ್ಕೆ ಮೂರು ದಾರಿ. ತೆಗೆದು ಹಾಕುವ ಸೆಟ್ಟು ಅಗ್ಗ, ಬೇಗ ಸಿಗುತ್ತದೆ, ಮುಂದೆ ಇನ್ನೊಂದು ಹಲ್ಲು ಹೋದರೆ ಅದಕ್ಕೇ ಸೇರಿಸಬಹುದು. ರಾತ್ರಿ ತೆಗೆದು ನೀರಿನಲ್ಲಿಡಬೇಕು. ಬ್ರಿಜ್ (ಪಕ್ಕದ ಹಲ್ಲುಗಳ ಆಧಾರದ ಮೇಲೆ ಕೂರಿಸುವ ಹಲ್ಲು) ಗಟ್ಟಿಯಾಗಿ ಕೂರುತ್ತದೆ, ಆದರೆ ಪಕ್ಕದ ಹಲ್ಲುಗಳನ್ನು ಅರೆಯಬೇಕು, ಅವುಗಳ ಎಲುಬು ದುರ್ಬಲವಾಗಿದ್ದರೆ ಅವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಇಂಪ್ಲಾಂಟ್, ಅಂದರೆ ಎಲುಬಿಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಹಾಕುವುದು, ಒಳ್ಳೆಯದೇ, ದುಬಾರಿ, ಮತ್ತು ನಿಮಗೆ ಈಗಲೇ ಅಲ್ಲ. ಎಚ್‌ಬಿಎ1ಸಿ 8ಕ್ಕಿಂತ ಕೆಳಗೆ ಬಂದು, ತಂಬಾಕು ನಿಂತು, ಉಳಿದ ಒಸಡು ಆರಿದ ಮೇಲೆ ಯೋಚಿಸಿ. ಹಲ್ಲಿನ ಸುತ್ತಲಿನ ಎಲುಬು ತಿಂದ ಅದೇ ಸೋಂಕು ಸ್ಕ್ರೂ ಸುತ್ತಲಿನ ಎಲುಬನ್ನೂ ತಿನ್ನುತ್ತದೆ.

ಮೂರು ದಿನದ ಫಿಕ್ಸ್ ಹಲ್ಲು ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಸಂಗತಿ ನಡೆಯುತ್ತವೆ. ಒಂದು, ಅರ್ಹ ದಂತವೈದ್ಯರು ಹಲವು ಇಂಪ್ಲಾಂಟ್ ಹಾಕಿ ಕೂಡಲೇ ಹಲ್ಲು ಕೂರಿಸುವುದು. ಅದಕ್ಕೂ ಸರಿಯಾದ ರೋಗಿ ಬೇಕು, ಶುಗರ್ 9.2 ಇದ್ದು ತಂಬಾಕು ತಿಕ್ಕುವವರು ಅಲ್ಲ. ಇನ್ನೊಂದು, ಓದದೇ ಬರೀ ಕಸುಬು ಕಲಿತವರು ಪ್ಲಾಸ್ಟಿಕ್ ಹಲ್ಲನ್ನು ತಂತಿಯಿಂದ ಪಕ್ಕದ ಹಲ್ಲಿಗೆ ಬಿಗಿದು, ಬಾಯಿಯಲ್ಲೇ ಅಕ್ರಿಲಿಕ್ ಕಲಸಿ ಒಸಡಿನ ಮೇಲೆ ಮೆತ್ತುವುದು. ಅದು ತೆಗೆಯಲು ಬರದು, ಕೆಳಗೆ ತೊಳೆಯಲು ಬರದು. ಅನ್ನದ ಅಗುಳು ಕೊಳೆತು, ತಂತಿ ಕಟ್ಟಿದ ಒಳ್ಳೆ ಹಲ್ಲುಗಳು ಕೂಡ ಒಂದೆರಡು ವರ್ಷದಲ್ಲಿ ಅಲುಗುತ್ತವೆ. ಗೋಡೆಯ ಮೇಲೆ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನ ನೋಂದಣಿ ಪತ್ರ ಇದೆಯೇ ನೋಡಿ, ಇಲ್ಲದಿದ್ದರೆ ನೋಂದಣಿ ಸಂಖ್ಯೆ ಕೇಳಿ. ನೋಂದಣಿ ಇಲ್ಲದೆ ಹಲ್ಲಿನ ಚಿಕಿತ್ಸೆ ಮಾಡುವುದು ಕಾನೂನಿನ ಪ್ರಕಾರ ಅಪರಾಧ.

ಕಣ್ಣಿನ ಮಾತು ಪೂರ್ತಿ ತಪ್ಪು ತಿಳಿವಳಿಕೆ. ಮೇಲಿನ ಹಲ್ಲಿಗೆ ಬರುವ ನರ ಮುಖದ ಸ್ಪರ್ಶದ ನರದ ಕವಲು. ನೋಟದ ನರ ಕಣ್ಣಿನ ಹಿಂದಿನಿಂದ ನೇರ ಮಿದುಳಿಗೆ ಹೋಗುವ ಬೇರೆಯೇ ನರ. ಎರಡಕ್ಕೂ ಕೊಂಡಿ ಇಲ್ಲ. ಮೇಲಿನ ಕೋರೆಹಲ್ಲಿನಲ್ಲಿ ಕೀವಾದರೆ ಊತ ಕಣ್ಣಿನ ಕೆಳಗೆ ಏರಿ ಕಣ್ಣು ಮುಚ್ಚಿಹೋಗುವುದುಂಟು. ಆಮೇಲೆ ಹಲ್ಲು ಕೀಳುತ್ತಾರೆ, ಕಣ್ಣಿನ ದೂರು ಕಿತ್ತವರ ತಲೆಗೆ ಬರುತ್ತದೆ. ನಲವತ್ತೈದು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಹೇಗೂ ಇದೆ. ಶುಗರ್ ಇದ್ದವರು ವರ್ಷಕ್ಕೊಮ್ಮೆ ಕಣ್ಣಿನ ಪರದೆ ತೋರಿಸಿಕೊಳ್ಳಬೇಕು, ಅದಕ್ಕೆ ಹಲ್ಲಿನ ಸಂಬಂಧವಿಲ್ಲ.

ಶುಗರ್ ಇದ್ದವರು ಹಲ್ಲು ಕೀಳಿಸಬಾರದು ಅನ್ನುವುದೂ ಅರೆನಿಜ. ಹತೋಟಿಯಲ್ಲಿದ್ದವರಿಗೆ ಎಲ್ಲರಂತೆಯೇ ಕೀಳಬಹುದು. ಅಂದಿನ ಶುಗರ್ 200ರ ಮೇಲಿದ್ದರೆ ಸಾಮಾನ್ಯವಾಗಿ ಮುಂದೂಡಿ ಇಳಿಸಿಕೊಂಡು ಬರಹೇಳುತ್ತೇವೆ, ಏಕೆಂದರೆ ಗಾಯ ತಡವಾಗಿ ಮಾಯುತ್ತದೆ, ಸೋಂಕು ಬೇಗ ಹತ್ತುತ್ತದೆ. ಆದರೆ ಕೀವು ತುಂಬಿ ಮುಖ ಊದಿದ್ದರೆ ಕಾಯುವುದೇ ಅಪಾಯ. ಕೀವು ಒಳಗಿರುವವರೆಗೆ ಶುಗರ್ ಇಳಿಯುವುದಿಲ್ಲ, ಆಗ ಆಸ್ಪತ್ರೆಯಲ್ಲಿ ಎರಡನ್ನೂ ಒಟ್ಟಿಗೆ ನೋಡಬೇಕು. ದವಡೆಯ ಕೆಳಗೆ, ಕುತ್ತಿಗೆಗೆ ಊತ ಇಳಿಯುವುದು, ಬಾಯಿ ಎರಡು ಬೆರಳಷ್ಟೂ ತೆರೆಯದಿರುವುದು, ಎಂಜಲು ನುಂಗಲು ಕಷ್ಟ, ಜ್ವರ, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಜಿಲ್ಲಾ ಆಸ್ಪತ್ರೆಗೆ ಹೋಗಿ.

ಮೆಡಿಕಲ್ ಅಂಗಡಿಯಲ್ಲಿ ಕೇಳಿ ಆಂಟಿಬಯೋಟಿಕ್ ನುಂಗುವ ರೂಢಿ ನಮ್ಮಲ್ಲಿ ಜೋರು. ಗುಳಿಗೆ ಗಾರೆಯನ್ನು ಕರಗಿಸದು. ನಾಲ್ಕು ದಿನ ಹಿತ ಅನ್ನಿಸಿ ಮತ್ತೆ ಅದೇ ಕತೆ. ನೋವಿಗೆ ನಿಮಗೆ ಪ್ಯಾರಾಸಿಟಮಾಲ್ ಸುರಕ್ಷಿತ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದವು ಬಿಪಿ ಏರಿಸುತ್ತವೆ, ಶುಗರ್ ಇದ್ದವರ ಕಿಡ್ನಿಗೆ ಭಾರ, ಡಾಕ್ಟರು ಬರೆಯದೆ ತಗೋಬೇಡಿ. ಲವಂಗದ ಎಣ್ಣೆ ಹುಳುಕು ಗುಂಡಿಗೆ ಹತ್ತಿಯಲ್ಲಿ ಒಂದು ಹನಿ ಇಟ್ಟರೆ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಒಸಡಿಗೆ ಬಿದ್ದರೆ ಸುಡುತ್ತದೆ. ನಿಮಗೆ ಗುಂಡಿ ಇಲ್ಲ, ಹಾಗಾಗಿ ಅದರಿಂದ ಉಪಯೋಗವೂ ಇಲ್ಲ.

ಮನೆಯಲ್ಲಿ ನಾಳೆಯಿಂದಲೇ ಮಾಡುವ ಕೆಲಸ: ಮೆತ್ತನೆ ಎಳೆಯ ಬ್ರಷ್ ತಗೊಳ್ಳಿ, ಕವರಿನ ಮೇಲೆ ಸಾಫ್ಟ್ ಎಂದು ಬರೆದಿರುತ್ತದೆ. ಎಳೆಗಳು ಅರ್ಧ ಒಸಡಿನ ಅಂಚಿಗೆ, ಅರ್ಧ ಹಲ್ಲಿಗೆ ತಾಗುವಂತೆ ಓರೆಯಾಗಿ ಹಿಡಿದು, ಜಾಗದಲ್ಲೇ ಹತ್ತು ಸಲ ಸಣ್ಣಗೆ ನಡುಗಿಸಿ, ಹಲ್ಲಿನ ತುದಿ ಕಡೆಗೆ ಗುಡಿಸಿ. ಆಮೇಲೆ ಪಕ್ಕದ ಎರಡು ಹಲ್ಲು. ಹೊರಗೆ, ಒಳಗೆ, ಕೊನೆಯ ದವಡೆ ಹಲ್ಲಿನ ಹಿಂದೆ. ಕೆಳಗಿನ ಮುಂದಿನ ಹಲ್ಲಿನ ಹಿಂಬದಿಗೆ ಬ್ರಷ್ ನೆಟ್ಟಗೆ ನಿಲ್ಲಿಸಬೇಕು. ಎರಡು ನಿಮಿಷ ಬೇಕೇ ಬೇಕು, ದಿನಕ್ಕೆ ಎರಡು ಸಲ, ರಾತ್ರಿಯದು ತಪ್ಪಬಾರದು. ಸಂದು ಬಿದ್ದ ಕಡೆ ಹಲ್ಲುಸಂದಿನ ಸಣ್ಣ ಬ್ರಷ್ ಬರುತ್ತದೆ, ಅಳತೆ ಡಾಕ್ಟರ ಹತ್ತಿರವೇ ಕೇಳಿ. ತೂರಿಸಲು ಒತ್ತಬೇಕಾದರೆ ದೊಡ್ಡದಾಯಿತು, ಸಡಿಲವಾಗಿ ಓಡಾಡಿದರೆ ಸಣ್ಣದಾಯಿತು. ಮೊದಲ ಹತ್ತು ದಿನ ರಕ್ತ ಹೆಚ್ಚು ಬಂದಂತೆ ಕಾಣಬಹುದು. ಇದೇ ಹೊತ್ತಿನಲ್ಲಿ ಬಹಳ ಜನ ಹೆದರಿ ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ. ಬೂದಿ, ಇದ್ದಿಲು, ಇಟ್ಟಂಗಿ ಪುಡಿ, ಹರಳುಪ್ಪು ಬೇಡ. ಒಸಡು ಇಳಿದ ಕಡೆ ಬಯಲಾಗಿರುವ ಬೇರು ಎನಾಮಲ್‌ನಷ್ಟು ಗಟ್ಟಿಯಲ್ಲ, ಇವುಗಳಿಂದ ತಿಕ್ಕಿದರೆ ಗೀರಿ ಗುಳಿ ಬೀಳುತ್ತದೆ. ಬೇವಿನ ಕಡ್ಡಿ ತುದಿ ಚೆನ್ನಾಗಿ ಜಗಿದು ಮೆತ್ತಗೆ ಮಾಡಿದ್ದರೆ ತೊಂದರೆಯಿಲ್ಲ, ಆದರೆ ಅದು ಹಲ್ಲಿನ ಹಿಂಬದಿಗೂ ಸಂದಿಗೂ ಹೋಗದು, ಅದರ ನಂತರ ಬ್ರಷ್ ಬೇಕೇ ಬೇಕು. ಕಟಕಟ ಅನ್ನುವ ಜೋಳದ ಕಡಕ್ ರೊಟ್ಟಿ ಸದ್ಯಕ್ಕೆ ಮುಂದಿನ ಹಲ್ಲಿಂದ ಮುರಿಯಬೇಡಿ. ಕೈಯಲ್ಲಿ ಮುರಿದು, ಪಲ್ಯಕ್ಕೋ ಬೇಳೆಗೋ ನೆನೆಸಿ ದವಡೆಯಲ್ಲಿ ಅಗಿಯಿರಿ.

ಖರ್ಚು ಹೆಚ್ಚು ಅನ್ನಿಸಿದರೆ ರಾಯಚೂರಿನ ಖಾಸಗಿ ದಂತ ಕಾಲೇಜುಗಳಲ್ಲಿ ಅಥವಾ ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿನಲ್ಲಿ ಪೆರಿಯೊಡಾಂಟಿಕ್ಸ್ ವಿಭಾಗಕ್ಕೆ ಹೋಗಿ. ವಿದ್ಯಾರ್ಥಿಗಳು ಹಿರಿಯರ ಎದುರು ಮಾಡುತ್ತಾರೆ, ಸಮಯ ಹೆಚ್ಚು ಹಿಡಿಯುತ್ತದೆ, ದರ ಕಡಿಮೆ, ಕೆಲಸ ತಾಳ್ಮೆಯದು. ಗುಳಿಗೆಗಳ ಚೀಟಿ, ಎಚ್‌ಬಿಎ1ಸಿ ರಿಪೋರ್ಟು, ಈಗ ತೆಗೆಸಿದ ಎಕ್ಸ್‌ರೇ ಇದ್ದರೆ ಅದು, ಒಂದೇ ಚೀಲದಲ್ಲಿಟ್ಟು ಒಯ್ಯಿರಿ. ಚಿಕಿತ್ಸೆ ಮುಗಿದಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಈ ರೋಗ ಗುಣವಾಗಿ ಹೋಗುವಂಥದ್ದಲ್ಲ, ನಿಮ್ಮ ಶುಗರ್‌ನಂತೆಯೇ ಹತೋಟಿಯಲ್ಲಿಟ್ಟುಕೊಳ್ಳುವಂಥದ್ದು.

ನಿಮ್ಮ ಮಗನ ಕಂದು ಪಟ್ಟಿಗೂ ನಿಮ್ಮ ಒಸಡಿಗೂ ಸಂಬಂಧ ಇಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿದು ಬೆಳೆದ ಮಕ್ಕಳಲ್ಲಿ ಕಾಯಂ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಎನಾಮಲ್ ಕೆಡುತ್ತದೆ, ಹುಟ್ಟುವಾಗಲೇ ಸುಣ್ಣದ ಬಿಳಿ ಮಚ್ಚೆ, ಆಮೇಲೆ ಕಂದು ಪಟ್ಟಿ. ಇದು ಕೊಳೆಯಲ್ಲ, ತಿಕ್ಕಿದರೆ ಹೋಗದು, ಕ್ಲೀನಿಂಗ್‌ನಿಂದಲೂ ಹೋಗದು. ಬೇರೆ ಚಿಕಿತ್ಸೆ ಇದೆ, ಪಟ್ಟಿ ತೆಳುವಾಗಿದ್ದರೆ ಮೇಲ್ಪದರ ಸವರಿ ತೆಗೆಯುವುದು, ಗಾಢವಾಗಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ಹಚ್ಚುವುದು. ಹತ್ತನೇ ವಯಸ್ಸಿಗೆ ಅವಸರ ಬೇಡ.

ಈಗ ಕಾಪಾಡಬೇಕಾದದ್ದು ಮಗಳ ಹಲ್ಲು. ಬುದ್ಧಿಹಲ್ಲು ಬಿಟ್ಟು ಉಳಿದ ಕಾಯಂ ಹಲ್ಲುಗಳ ಎನಾಮಲ್ ಎಂಟು ವರ್ಷದೊಳಗೆ ಬಹುತೇಕ ಸಿದ್ಧವಾಗುತ್ತದೆ, ಅಷ್ಟರೊಳಗೆ ನೀರು ಬದಲಾಗಬೇಕು. ಮನೆಗೆ ಬರುವ ನೀರು ಬೋರಿನದೋ ನದಿಯದೋ ವಿಚಾರಿಸಿ. ಬೋರಿನದಾದರೆ ಒಂದು ಲೀಟರ್ ಚೊಕ್ಕ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾಗಿ ಇನ್ನೂ ಗಾಢವಾಗುತ್ತದೆ. ಆರ್‌ಒ ಘಟಕದ ನೀರು ಅಥವಾ ನದಿ ನೀರು ಕುಡಿಯಲಿ, ಅಡಿಗೆಗೂ ಅದನ್ನೇ ಬಳಸಿ, ಮಕ್ಕಳ ಹೊಟ್ಟೆಗೆ ಅನ್ನ ಸಾರಿನಿಂದಲೂ ನೀರು ಹೋಗುತ್ತದೆ. ಪೇಸ್ಟು ಬಟಾಣಿ ಕಾಳಿನಷ್ಟು ಸಾಕು, ನೀವು ಎದುರು ನಿಂತು ಉಗುಳಿಸಬೇಕು, ನುಂಗಬಾರದು. ಮಗನಿಗೂ ನಿಮಗೂ ಫ್ಲೋರೈಡ್ ಪೇಸ್ಟಿನಿಂದ ಹೊಸ ಪಟ್ಟಿ ಬರುವ ಭಯವಿಲ್ಲ, ಹುಳುಕು ತಡೆಯಲು ಅದು ಇಬ್ಬರಿಗೂ ಬೇಕು.